ಎಣಿಕೆ ಬೋರಯ್ಯನ ಚೆಂಡಿನ ಲೆಕ್ಕ

ತಿಪಟೂರಿನ ಕಾಯಿ ಮಂಡಿಗಳಲ್ಲಿ ಬೋರಯ್ಯನನ್ನು ಎಣಿಕೆಗೆ ಕರೆಯದವರಿರಲಿಲ್ಲ. ಕೈಗೊಂದರಂತೆ ಜೋಡಿ ಕಾಯಿ ಎತ್ತಿ ಆಚೆಗೆ ಎಸೆಯುತ್ತ, ರಾಗವಾಗಿ ಎಣಿಸುತ್ತಿದ್ದ. ನೂರಾದರೆ ಗುರುತಿಗೊಂದು ಕಾಯಿ ಪಕ್ಕಕ್ಕೆ. ಅರಳಗುಪ್ಪೆಯ ಈ ಮನುಷ್ಯನಿಗೆ ಗೇಣು ತೋಟವೂ ಇರಲಿಲ್ಲ. ಅವನ ಎಣಿಕೆಯನ್ನು ಮಾರುವವನೂ ಕೊಳ್ಳುವವನೂ ನಂಬುತ್ತಿದ್ದರು, ಅದರಿಂದಲೇ ಅವನ ಮನೆ ನಡೆಯುತ್ತಿತ್ತು.

1979ರಲ್ಲಿ ಅವನನ್ನು ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳಕ್ಕೆ ಕರೆತಂದವರು ಸಂಖ್ಯಾಶಾಸ್ತ್ರದ ಮೇಷ್ಟ್ರು ಮಲ್ಲಿಕಾರ್ಜುನಯ್ಯ. ವರ್ಷವಿಡೀ ಯಾವ ಹುಡುಗ ಎಷ್ಟು ಸಲ ಚೆಂಡೆಸೆದ, ಎಷ್ಟು ಬುಟ್ಟಿಗೆ ಬಿತ್ತು ಎಂದು ಎಣಿಸಿ, ನೂರಕ್ಕೆ ಇಷ್ಟು ಎಂದು ಲೆಕ್ಕ ಹಾಕಿ, ತುಮಕೂರಿನ ಅಂತರಕಾಲೇಜು ಪಂದ್ಯಾವಳಿಗೆ ಐವರನ್ನು ಆರಿಸಬೇಕೆಂಬುದು ಅವರ ಹಟ. ವಿದ್ಯಾರ್ಥಿಗಳನ್ನು ಎಣಿಸಲು ಕೂರಿಸಿದರೆ ಆಟ ನೋಡುತ್ತ ಲೆಕ್ಕ ಮರೆಯುತ್ತಿದ್ದರು. ಬೋರಯ್ಯನಿಗೆ ಆಟದ ಗೊಡವೆಯೇ ಇಲ್ಲ. ಒಬ್ಬೊಬ್ಬನಿಗೆ ಒಂದೊಂದು ತೆಂಗಿನ ಚಿಪ್ಪು ಇಟ್ಟು, ಎಸೆದರೆ ಹುಣಸೆಬೀಜ, ಬುಟ್ಟಿಗೆ ಬಿದ್ದರೆ ಜೊತೆಗೊಂದು ಹೊಂಗೆಬೀಜ ಹಾಕುತ್ತ ಕೂರುತ್ತಿದ್ದ.

ನನಗೆ ಮೊದಲಿಂದಲೇ ಅನುಮಾನ. ನಾನು ನಾಲ್ಕನೇ ಕ್ಲಾಸಿಗೇ ಓದು ಬಿಟ್ಟು ಲಾರಿ ಹತ್ತಿದವನು. ನಾನು ದುಡಿದು ಓದಿಸಿದ ತಮ್ಮ ಲಕ್ಕಯ್ಯ ಆ ತಂಡದಲ್ಲಿದ್ದ. ಮಂಡಿ ಸಾಹುಕಾರರ ಮಗ ತೋಂಟದಾರ್ಯನೂ ಇದ್ದ. ಬೋರಯ್ಯನಿಗೆ ಹೆಚ್ಚು ಕೆಲಸ ಸಿಗುತ್ತಿದ್ದದ್ದು ಅದೇ ಸಾಹುಕಾರರ ಮಂಡಿಯಲ್ಲಿ. ವರ್ಷದ ಪಂದ್ಯಗಳು ಮುಗಿದ ಮೇಲೆ ಮೇಷ್ಟ್ರು ಬೋರ್ಡಿನ ಮೇಲೆ ಬರೆದರು: ತೋಂಟದಾರ್ಯ ನೂರಕ್ಕೆ ಐವತ್ತೊಂದು, ಲಕ್ಕಯ್ಯ ನಲವತ್ತನಾಲ್ಕು. ಐವರಲ್ಲಿ ಕೊನೆಯ ಜಾಗ ತೋಂಟದಾರ್ಯನಿಗೆ ಹೋಯಿತು. ಇನ್ನೇನು ಬೇಕು?

ನೇರ ಮಂಡಿಗೆ ಹೋದೆ.

“ಏನ್ಲಾ ಬೋರ, ಸಾವ್ಕಾರ್ರು ಎಷ್ಟು ತಿನ್ನಿಸಿದ್ರು?”

“ಯಾಕಪ್ಪ, ಬೆಳಿಗ್ಗೆ ಬೆಳಿಗ್ಗೆ ಏನಾಯ್ತು ನಿಂಗೆ?”

“ಚೆಂಡಿನ ಲೆಕ್ಕ ತಿದ್ದೋನು ಕಾಯಿ ಲೆಕ್ಕ ಬುಟ್ಟಾನಾ?”

ಕಾಯಿ ತಂದಿದ್ದ ರೈತರೆಲ್ಲ ಕಿವಿ ನಿಮಿರಿಸಿದರು. ಅವತ್ತೇ ಒಬ್ಬ ತನ್ನ ರಾಶಿಯನ್ನು ಬೇರೆಯವನ ಕೈಲಿ ಇನ್ನೊಮ್ಮೆ ಎಣಿಸಿದ. ಆಮೇಲಿನ ಸಂತೆಗೆ ಬೋರಯ್ಯ ಮಂಡಿಯ ಜಗಲಿ ಮೇಲೆ ಸುಮ್ಮನೆ ಕೂತಿದ್ದ, ಯಾರೂ ಕರೆಯಲಿಲ್ಲ. ಅವನ ಹೆಂಡತಿ ಚಿಕ್ಕಗೌರಮ್ಮ ಲಾರಿಯ ಹತ್ತಿರ ಬಂದು, “ನಿನ್ನ ಬಾಯಿಗೆ ನಮ್ಮ ಒಲೆ ಆರೋಯ್ತು ಕಣಣ್ಣ,” ಎಂದಳು. ಹಿಂದೆಯೇ ಬೋರಯ್ಯನೂ ಬಂದ.

“ತುಮಕೂರ್ಗೆ ಬಾ, ಅಲ್ಲೂ ನಾನೇ ಎಣ್ಸೋದು, ನನ್ನ ಪಕ್ಕದಾಗೆ ಕೂತ್ಕ. ಕಳ್ಳ ಅಂತ ಕಂಡ್ರೆ ಹೇಳು, ಇನ್ನೊಂದು ಕಾಯಿ ಮುಟ್ಟಾಕಿಲ್ಲ.”

“ಬತ್ತೀನಿ. ಬುಟ್ಟೇನಾ?”

ತಂಡವೂ ನನ್ನ ಲಾರಿಯಲ್ಲೇ ಹೋಯಿತು. ಸೆಮಿಫೈನಲ್ ಶುರುವಾದಾಗ ನಾನು ಆಟ ನೋಡಲಿಲ್ಲ, ಅವನ ಬೆರಳು ನೋಡುತ್ತ ಕೂತೆ. ತೋಂಟದಾರ್ಯ ದೂರದಿಂದ ಎಸೆದ. ಚೆಂಡು ಗಾಳಿಯಲ್ಲೇ ಹೋಗಿ ಆಚೆ ಬಿತ್ತು. ಬೋರಯ್ಯನ ಕೈ ಅಲ್ಲಾಡಲಿಲ್ಲ.

“ಏಯ್! ಬೀಜ ಎಲ್ಲಿ? ಎಸುದ್ನಲ್ಲ ನಿಮ್ಮ ಸಾವ್ಕಾರ್ರ ಮಗ!”

“ಅದು ರಿಂಗಿಗೂ ತಾಗ್ಲಿಲ್ಲ, ಹಲಗೆಗೂ ತಾಗ್ಲಿಲ್ಲ. ಕೊಳೆ ಕಾಯಿ ಕಣಪ್ಪ ಅದು. ಕೊಳೆ ಕಾಯಿ ಯಾವನಾದ್ರೂ ಎಣುಸ್ತಾನಾ?”

ಮಂಡಿಯಲ್ಲಿ ಕೊಳೆತ ಕಾಯಿ ಕೈಗೆ ಬಂದರೆ ಲೆಕ್ಕಕ್ಕೆ ಸೇರಿಸದೆ ಪಕ್ಕಕ್ಕೆ ತಳ್ಳುತ್ತಾರೆ. ಇವನು ವರ್ಷವಿಡೀ ಅಂಗಳದಲ್ಲೂ ಹಾಗೇ ಮಾಡಿದ್ದ, ಎಲ್ಲರಿಗೂ. ಆದರೆ ಲಕ್ಕಯ್ಯ ಬುಟ್ಟಿಯ ಹತ್ತಿರ ನುಗ್ಗಿ ಎಸೆಯುವವನು. ಅವನು ತಪ್ಪಿದರೂ ಚೆಂಡು ರಿಂಗಿಗೆ ತಾಗಿ ಲೆಕ್ಕಕ್ಕೆ ಬರುತ್ತಿತ್ತು. ತೋಂಟದಾರ್ಯನ ದೂರದ ಎಸೆತಗಳು ತಪ್ಪಿದರೆ ಅರ್ಧಕ್ಕರ್ಧ ಕೊಳೆ ಕಾಯಿ! ಅದಕ್ಕೇ ಅವನಿಗೆ ನೂರಕ್ಕೆ ಐವತ್ತೊಂದು.

ನನ್ನ ಕೂಗಿಗೆ ಮೇಷ್ಟ್ರು ಓಡಿ ಬಂದರು. ವಿಷಯ ಕೇಳಿ ಹಣೆ ಹಿಡಿದುಕೊಂಡರು.

“ಅಯ್ಯೋ ಬೋರಯ್ಯ, ಕೊಳೆ ಕಾಯೀನೂ ಎಣಿಸಬೇಕಿತ್ತು ಕಣಯ್ಯ!”

“ಮೊದ್ಲೇ ಅನ್ನಬಾರ್ದಾ ಸ್ವಾಮಿ?”

ತಳ್ಳಿದ್ದನ್ನು ಈಗ ಎಲ್ಲಿಂದ ತರುವುದು? ವರ್ಷದ ಲೆಕ್ಕ ಹಾಳಾಗಿತ್ತು. ಸೆಮಿಫೈನಲ್ ಹೇಗೋ ಗೆದ್ದರು. ಫೈನಲ್ಲಿಗೆ ತೋಂಟದಾರ್ಯನ ಬದಲು ಲಕ್ಕಯ್ಯನನ್ನು ಇಳಿಸಿದರು. ಸೋತರು.

ವಾಪಸ್ ಬರುವಾಗ ಲಾರಿಯ ಹಿಂದಿನಿಂದ ತೋಂಟದಾರ್ಯ, “ನಿಮ್ಮ ತಮ್ಮ ಆಡಿದ್ಕೆ ಕಪ್ ಬಂತಾ ಅಣ್ಣ?” ಎಂದ. ಅಲ್ಲೇ ಇಳಿಸಿಬಿಡುತ್ತಿದ್ದೆ, ಬೋರಯ್ಯ ಸ್ಟೇರಿಂಗ್ ಮೇಲೆ ಕೈಯಿಟ್ಟ.

“ಅವ್ನು ಹೋಗ್ಲಿ. ನನ್ನ ಎಲ್ಲಿ ಕಳ್ಳ ಅಂದ್ಯೋ ಅಲ್ಲೇ ನಿಂತು ಹೇಳು.”

ಸಂತೆಯ ದಿನ ಮಂಡಿಯ ಮುಂದೆ ನಿಂತು ಹೇಳಿದೆ. “ಕೇಳ್ರಪ್ಪೋ! ಬೋರಯ್ಯ ಕಳ್ಳ ಅಲ್ಲ. ಪೆದ್ದ! ಚೆಂಡನ್ನ ಕಾಯಿ ಅನ್ಕಂಡವ್ನೆ!”

ಬೋರಯ್ಯ ಟವಲು ಕೊಡವಿಕೊಂಡು ಮೈಮೇಲೇ ಬಂದ. “ಕಳ್ಳ ಅಂದಿದ್ದೇ ವಾಸಿ ಕಣಪ್ಪ! ಕಳ್ಳಂಗಾದ್ರೂ ಲೆಕ್ಕ ಬತ್ತದೆ. ಪೆದ್ದನ ಕೈಲಿ ಯಾವನು ಎಣುಸ್ತಾನೆ?”

ಜನ ಬಿದ್ದು ಬಿದ್ದು ನಕ್ಕರು. ನಾನು ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಬೇಕಾಯಿತು. ಹಾಲ್ಕುರಿಕೆಯ ಸಿದ್ದಕ್ಕ ತನ್ನ ಕಾಯಿ ಗಾಡಿಯ ಮೇಲೆ ಕೂತೇ ಕೇಳಿಸಿಕೊಂಡಳು.

“ಸಾವ್ಕಾರನ ಮಗಂಗೂ ಒಂದೇ, ಲಾರಿಯೋನ ತಮ್ಮಂಗೂ ಒಂದೇ ಲೆಕ್ಕ ಹಾಕವ್ನಲ್ಲ? ಅಷ್ಟು ಸಾಕು ನಂಗೆ. ಬಾರ್ಲಾ ಬೋರ, ಗಾಡಿ ಇಳ್ಸು.”

ಕೊಳ್ಳಲು ಬಂದಿದ್ದ ವ್ಯಾಪಾರಿಯೂ ಬೇಡ ಎನ್ನಲಿಲ್ಲ. ಬೋರಯ್ಯ ಗಾಡಿಯ ಮುಂದೆ ನಿಂತು ರಾಗ ತೆಗೆದ. ನಾನು ಕದಲದೆ ಅವನ ಕೈಯನ್ನೇ ನೋಡುತ್ತ ನಿಂತೆ.

“ಏನಪ್ಪ, ಇವತ್ತು ಲಾರಿಗೆ ಲೋಡಿಲ್ವಾ?” ಎಂದಳು ಸಿದ್ದಕ್ಕ.

“ಐತೆ,” ಎಂದೆ. “ಕಾಯ್ಲಿ.”