ಮಗಳ ಬಾಯಿಗೆ ಮುಚ್ಚಳಿಕೆ

“ನಿಮ್ಮ ಹುಡುಗಿ ಇನ್ನ ಮ್ಯಾಲೆ ಮಾಸ್ತರಿಗೆ ಎದುರು ಮಾತಾಡಂಗಿಲ್ಲಂತ ಬರದು ಕೊಡ್ರಿ, ಆಮ್ಯಾಲೆ ಅಡ್ಮಿಷನ್ ನೋಡೂಣು” ಎನ್ನುತ್ತ ಜಮಖಂಡಿಯ ಹೈಸ್ಕೂಲೊಂದರ ಹೆಡ್‌ಮಾಸ್ತರರು ನನ್ನ ಮುಂದೆ ಬಿಳಿ ಹಾಳೆ ಸರಿಸಿದರು.

ಮಗಳು ಮಾಡಿದ ತಪ್ಪು ಇಷ್ಟೇ. ಅಡ್ಮಿಷನ್ನಿಗೆ ಮುಂಚಿನ ಸಂದರ್ಶನದಲ್ಲಿ ಅವರು, ಕೃಷ್ಣಾ ನದಿಯ ಚಿಕ್ಕಪಡಸಲಗಿ ಬ್ಯಾರೇಜು ಕಟ್ಟಿದವರು ಯಾರೆಂದು ಕೇಳಿದರು. ರೈತರು ಎಂದಳು; ಅವರೇ ರೊಕ್ಕ ಕೂಡಿಸಿ, ದುಡಿದು ಕಟ್ಟಿದ್ದು ನಿಜವೇ. ಸರ್ಕಾರ ಎಂದು ಅವರು ತಿದ್ದಿದರೂ ಇವಳು ಒಪ್ಪಲಿಲ್ಲ.

“ಇಲ್ರೀ ಸರ್, ಅಲ್ಲಿ ಕೆಲಸ ಮಾಡಿದ ಅಜ್ಜಾರನ್ನ ನಾವ ಹೋಗಿ ಕೇಳಿ ಬಂದೇವ್ರಿ.”

ರಬಕವಿ ಹತ್ತಿರ ಅವಳು ಏಳನೆಯವರೆಗೆ ಕಲಿತ ಪುಟ್ಟ ಶಾಲೆಯಲ್ಲಿ ಸಮವಸ್ತ್ರವಿಲ್ಲ, ಗಂಟೆಯಿಲ್ಲ. ಊರೂರು ತಿರುಗಿ, ಜನರನ್ನು ಕೇಳಿ ಬರೆದುಕೊಳ್ಳುವುದೇ ಅಲ್ಲಿ ಪಾಠ. ನಾನು ಇದನ್ನು ವಿವರಿಸಿದಾಗ ಹೆಡ್‌ಮಾಸ್ತರರು, “ಅದೂ ಒಂದು ಸಾಲಿ ಏನ್ರಿ?” ಎಂದು ನಕ್ಕರು.

ಮೈಯೆಲ್ಲ ಉರಿಯಿತು. ಆದರೂ ಸೀಟು ತಪ್ಪೀತೆಂಬ ಭಯಕ್ಕೆ ಪೆನ್ನು ತೆಗೆದು ಬರೆಯತೊಡಗಿದೆ. ಮಗಳು ನನ್ನ ಕೈ ಹಿಡಿದು, “ಅವ್ವಾ, ನಾ ಮಾತಾಡಂಗಿಲ್ಲಂತ ನೀ ಹ್ಯಾಂಗ ಬರದು ಕೊಡ್ತಿ?” ಎಂದಳು.

ಹಾಳೆಯನ್ನು ಅಲ್ಲೇ ಹರಿದು ಹೊರಗೆ ಬಂದೆವು. ಈಗ ಅವಳು ದಿನಾ ಬಸ್ಸಿನಲ್ಲಿ ಮುಧೋಳದ ಶಾಲೆಗೆ ಹೋಗಿಬರುತ್ತಾಳೆ.

ಆ ಹೆಡ್‌ಮಾಸ್ತರರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ. ಅದಕ್ಕಿಂತ ದೊಡ್ಡ ಸಿಟ್ಟು, ಮಗಳನ್ನು ಒಂದು ಮಾತೂ ಕೇಳದೆ ಅವಳ ಪರವಾಗಿ ತಲೆಬಾಗಲು ಹೊರಟಿದ್ದ ನನ್ನ ಮೇಲೇ ಇದೆ.