ರಾಜೇಸಾಬನಿಗೆ ನಾನು ಆರಿಸಿಕೊಟ್ಟ ಮುಳುಗುವ ಸಾಲಿ

ಹೋದ ಭಾನುವಾರ ಬೆಳಗಾವಿಯಿಂದ ಬಂದ ನಮ್ಮಣ್ಣನ ಮಗ ನನ್ನ ಮುಂದೆ ಮೂರು ಬಣ್ಣದ ಪುಸ್ತಿಕೆಗಳನ್ನು ಹರವಿದ. ನುಣುಪು ಕಾಗದ, ತೆರೆದ ಕೂಡಲೇ ಹೊಸ ಮಸಿಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ನೀಲಿ ಸಮುದ್ರ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಒಬ್ಬ ಗಂಡಸು, ಅವನ ಸುತ್ತ ಹಳದಿ ಮೀನು.

"ಕಾಕಾ, ನೀರಾಗ ಮುಳುಗಿ ಕೆಲಸ ಮಾಡೂದ ಕಲೀಬೇಕಂತ ಮಾಡೇನ್ರಿ. ಮೂರು ಸಾಲಿ ಅದಾವು. ನೀವು ಒಂದ ಫೋನ್ ಹಚ್ಚಿ ರೇಟ ಮುರದ ಕೊಡ್ರಿ. ನಿಮಗ ಅದು ಚಲೋ ಬರತೈತಿ," ಅಂದ.

ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. ಪುಸ್ತಿಕೆಗಳನ್ನು ಅತ್ತ ಸರಿಸಿ ಎದ್ದುಬಿಟ್ಟೆ. ಪಾಪ, ಹುಡುಗನಿಗೇನು ಗೊತ್ತು? ನಿಮಗಾದರೂ ಹೇಳಬೇಕು, ಇಲ್ಲದಿದ್ದರೆ ಈ ಮುದುಕನಿಗೆ ಮೀನು ಕಂಡರೆ ಆಗುವುದಿಲ್ಲ ಅಂದುಕೊಂಡೀರಿ.

ತೊಂಬತ್ತರ ದಶಕದ ಮಾತು. ಕೊಣ್ಣೂರಿನಲ್ಲಿ ನಾನು ಇಂಗ್ಲಿಷ್ ಮಾಸ್ತರ. ಹೊಳೆದಂಡೆಯ ರೈತರೆಲ್ಲ ಘಟಪ್ರಭೆಯ ನೀರನ್ನು ಪಂಪಿನಿಂದ ಕಬ್ಬಿಗೆ ಎತ್ತುತ್ತಿದ್ದರು. ನೀರೊಳಗಿನ ಪೈಪಿನ ಬಾಯಿಗೆ ಜಾಳಿಗೆಯಂಥದೊಂದು ಇರುತ್ತದೆ, ಫುಟವಾಲ ಅನ್ನುತ್ತಾರೆ. ಅದಕ್ಕೆ ಜೊಂಡು, ಹರಕು ಸೀರೆ, ಏನೇನೋ ಸಿಕ್ಕಿಕೊಂಡು ನೀರು ಬರುವುದೇ ನಿಂತುಬಿಡುತ್ತಿತ್ತು. ಆಗ ಎಲ್ಲರೂ ಓಡುತ್ತಿದ್ದದ್ದು ರಾಜೇಸಾಬನ ಮನೆಗೆ. ಅವನು ಲುಂಗಿ ಬಿಚ್ಚಿಟ್ಟು, ಎದೆ ತುಂಬ ಉಸಿರೆಳೆದು ಮುಳುಗಿದನೆಂದರೆ ದಂಡೆಯ ಮೇಲೆ ನಿಂತ ನಮಗೇ ಜೀವ ಬಾಯಿಗೆ ಬರುತ್ತಿತ್ತು. ರಾಡಿ ನೀರು, ಒಳಗೆ ಕಣ್ಣಿಗೆ ಏನೂ ಕಾಣದು. ಅವನ ಕೈಗೆ ಎಲ್ಲ ಕಾಣುತ್ತಿತ್ತು.

ಹೊಳೆಯಲ್ಲಿ ಯಾರಾದರೂ ಮುಳುಗಿ ಸತ್ತರೂ ಅವನೇ ಬೇಕು. ಆ ಕೆಲಸಕ್ಕೆ ಮಾತ್ರ ಕೂಲಿ ಮುಟ್ಟುತ್ತಿರಲಿಲ್ಲ. ಕರೆಸಿದವರು ಒಂದು ಹೊಸ ಟವೆಲ್ ಕೊಡಬೇಕು, ಅದರಲ್ಲಿ ಮೈ ಒರೆಸಿಕೊಂಡು ಅವನು ಮನೆಗೆ ಹೋಗಬೇಕು. ಅವನಪ್ಪನ ಕಾಲದಿಂದ ನಡೆದು ಬಂದದ್ದು ಅದು.

ಆ ವರ್ಷ ಒಬ್ಬ ಗುತ್ತೇದಾರ ಸುತ್ತಲಿನ ಮೂರು ತಾಲೂಕುಗಳಲ್ಲಿ ಹೊಳೆಯ ನೀರೆತ್ತುವ ಬಾವಿಗಳನ್ನು ಶುಚಿ ಮಾಡುವ ಕೆಲಸ ಹಿಡಿದ. ಅವನ ಆಫೀಸು ಹುಕ್ಕೇರಿಯಲ್ಲಿ. ಮುಳುಗುವವರಿಗೆ ವರ್ಷವಿಡೀ ಕೆಲಸ, ತಿಂಗಳಿಗೆ ಪಗಾರ. ರಾಜೇಸಾಬ ಹೋಗಿ ಕೇಳಿದರೆ ಅಲ್ಲಿನ ಎಂಜಿನಿಯರ್ ಸಾಹೇಬ ತಲೆಯೆತ್ತದೆ ಅಂದನಂತೆ: "ಸರ್ಟಿಫಿಕೇಟ್ ಐತೇನು? ಇಲ್ಲಂದ್ರ ನೀರಿಗೆ ಇಳಸಂಗಿಲ್ಲ."

ಮೀನಿಗೆ ಈಜು ಕಲಿತ ಚೀಟಿ ಕೇಳಿದ ಹಾಗಾಯಿತು! ಆದರೂ ರಾಜೇಸಾಬ ಸಿಟ್ಟಾಗಲಿಲ್ಲ. ಮನೆಯಲ್ಲಿದ್ದ ಒಂದೇ ಎಮ್ಮೆಯನ್ನು ಮೂಡಲಗಿ ಸಂತೆಯಲ್ಲಿ ಮಾರಿ ನೆಟ್ಟಗೆ ನನ್ನ ಹತ್ತಿರ ಬಂದ. "ಸರ, ಎಲ್ಲ್ಯರೆ ಕಲಿಸಿ ಚೀಟಿ ಕೊಡ್ತಾರಂತ. ನೀವ ನೋಡಿ ಆರಿಸಿ ಕೊಡ್ರಿ. ರೊಕ್ಕ ಇಷ್ಟ ಐತ್ರಿ, ಎರಡನೇ ಸಲ ಆಗಂಗಿಲ್ಲ."

ಕೇಳಿದಿರಾ, ಎರಡನೇ ಸಲ ಆಗುವುದಿಲ್ಲ ಅಂತ ಮೊದಲೇ ಹೇಳಿದ್ದ.

ನಾನು ಪತ್ರ ಬರೆದೆ. ಎರಡು ಕಡೆಯಿಂದ ಉತ್ತರ ಬಂತು. ಮುಂಬೈಯದು ಟೈಪ್ ಮಾಡಿದ ಎರಡು ಒಣ ಹಾಳೆ: ಮೂರು ತಿಂಗಳ ತರಬೇತಿ, ಮೊದಲು ಡಾಕ್ಟರರ ತಪಾಸಣೆ, ನೀರಿನೊಳಗೆ ಕಬ್ಬಿಣ ಕೊಯ್ಯುವುದು, ನಟ್ಟು ಬಿಗಿಯುವುದು, ಕತ್ತಲಲ್ಲಿ ಕೆಲಸ ಮಾಡುವುದು. ಗೋವೆಯದು ಬಣ್ಣದ ಪುಸ್ತಿಕೆ, ಮೀನುಗಳ ಸಮೇತ. ಗೋಕಾಕದ ಎಸ್‌ಟಿಡಿ ಬೂತಿನಿಂದ ಎರಡೂ ಕಡೆ ಫೋನ್ ಹಚ್ಚಿದೆ. ಮುಂಬೈಯವನು ಒಂದು ಪೈಸೆ ಬಿಡುವುದಿಲ್ಲ ಅಂದ. ಬೇಕಾದರೆ ಕಂತಿನಲ್ಲಿ ಕಟ್ಟಿ ಅಂತಲೂ ಅಂದ, ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗೋವೆಯವನು ಮಾತ್ರ ನಗುನಗುತ್ತ ಇಳಿದ, ಮತ್ತೂ ಇಳಿದ. ನಮ್ಮ ಕಡೆ ರೇಟು ಮುರಿಯದೆ ತಂದ ವಸ್ತು ವಸ್ತುವೇ ಅಲ್ಲ. ಇಳಿದವನು ಒಳ್ಳೆಯವನು, ಇಳಿಯದವನಿಗೆ ಸೊಕ್ಕು. ಎತ್ತಿನ ಹಲ್ಲು ಹಿಡಿದು ನೋಡದೆ ವ್ಯಾಪಾರ ಮಾಡದ ಊರಿನವನು ನಾನು, ಇಲ್ಲಿ ಹಲ್ಲನ್ನೇ ನೋಡಲಿಲ್ಲ.

ಹಾಗಂತ ಏನೂ ವಿಚಾರಿಸಲಿಲ್ಲ ಅಂತಲ್ಲ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಉಣ್ಣುವವರು. ಫೋನಿನಲ್ಲಿ ನಾನು ಗಟ್ಟಿಸಿ ಕೇಳಿದ್ದು, "ರಾತ್ರಿಯ ಊಟ ಹೊತ್ತು ಮುಳುಗುವ ಮುಂಚೆ ಕೊಡ್ತೀರೋ ಇಲ್ಲೋ?" ಕಲಿಯಲು ಹೋಗುವವನು ರಾಜೇಸಾಬ! ಹುರಿದ ಮೀನಿಗೆ ಜೀವ ಬಿಡುವವನು. ಬೂತಿನ ಹೊರಗೆ ನಿಂತು ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ನಕ್ಕವನೇ ಒಂದು ಮಾತು ಹೇಳಿದ. "ಸರ, ಈ ಪುಸ್ತಕ ತಗೊಂಡ ಒಂದ ಸಲ ಹುಕ್ಕೇರಿಗಿ ಹೋಗಿ ಸಾಹೇಬ್ರಿಗಿ ತೋರಿಸಿ ಬರೂಣೇನ್ರಿ? ಈ ಚೀಟಿ ನಡಿತೈತಿಲ್ಲೋ ಕೇಳೂಣು."

"ಯಾಕ, ನನಗ ಇಂಗ್ಲಿಷ್ ಬರಂಗಿಲ್ಲಂತ ತಿಳದೀಯೇನು?" ಅಂದೆ. ಅವನು ಪುಸ್ತಿಕೆಯನ್ನು ಮಡಚಿ ನನ್ನ ಕೈಗೆ ಕೊಟ್ಟ.

ಒಂದು ತಿಂಗಳಿಗೆಂದು ಗೋವೆಗೆ ಹೋದವನು ಹನ್ನೆರಡೇ ದಿನಕ್ಕೆ ಬಂದ. ಅಲ್ಲಿ ಸಿಲಿಂಡರಿನ ಬಾಡಿಗೆ ಬೇರೆ, ದೋಣಿ ಬೇರೆ, ಪರೀಕ್ಷೆ ಬೇರೆ. ಫೋನಿನಲ್ಲಿ ಇಳಿದದ್ದನ್ನೆಲ್ಲ ದಂಡೆಯ ಮೇಲೆ ಏರಿಸಿದ್ದರು ಕಳ್ಳರು! ರೊಕ್ಕ ಸಾಲದ್ದಕ್ಕೆ ಬೆಳಿಗ್ಗೆ ಪ್ರವಾಸಿಗರ ಸಿಲಿಂಡರ್ ಹೊರಿಸಿ, ಅವರ ರಬ್ಬರಿನ ಅಂಗಿ ತೊಳೆಸಿ, ಸಂಜೆ ಅರ್ಧ ತಾಸು ಕಲಿಸಿದ್ದರು. "ಅಲ್ಲಿ ಮೊದಲನೇ ಪಾಠನ ಉಸಿರ ಹಿಡೀಬಾರದು ಅನ್ನೂದ್ರಿ ಸರ. ಸಿಲಿಂಡರ್ ಕಟಗೊಂಡ ಉಸಿರ ಹಿಡಕೊಂಡ ಮ್ಯಾಲ ಬಂದ್ರ ಎದಿ ಒಡಿತೈತಂತ. ನಂದು ರೂಢಿ ಬಿಡವಲ್ದು. ಬಾಳ ಬೈಸಿಕೊಂಡ್ಯಾ," ಅಂದ. ಕೈಯಲ್ಲಿ ಮಾತ್ರ ಪ್ಲಾಸ್ಟಿಕ್ ಹೊದಿಸಿದ ಕಾರ್ಡು, ಅದರ ಮೇಲೆ ಅವನ ಫೋಟೋ, ಪಕ್ಕದಲ್ಲಿ ಹಳದಿ ಮೀನು.

ಹುಕ್ಕೇರಿಗೆ ಈ ಸಲ ನಾನೂ ಹೋದೆ. ಎಂಜಿನಿಯರ್ ಕಾರ್ಡನ್ನು ತಿರುವಿ ನೋಡಿ, "ಮಾಸ್ತರ್ರ, ಇದು ಮೀನ ನೋಡಾಕ ಹೋಗಾವ್ರ ಕಾರ್ಡು. ಕೆಲಸಕ್ಕ ನಡಿಯಂಗಿಲ್ಲ. ಹಿಂದ ಬರದಾರಲ್ಲ," ಅಂದ. ಬರೆದಿದ್ದರು. ಪುಸ್ತಿಕೆಯ ಕೊನೆಯ ಹಾಳೆಯಲ್ಲೂ ಇತ್ತು, ಇರುವೆಯಂಥ ಅಕ್ಷರದಲ್ಲಿ: ಈ ತರಬೇತಿ ವಿನೋದಕ್ಕಾಗಿ ಮಾತ್ರ, ಉದ್ಯೋಗಕ್ಕಲ್ಲ. ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ ನಾನು ಮೀನಿನ ಚಿತ್ರದ ಹಾಳೆಗಳನ್ನಷ್ಟೇ ಓದಿದ್ದೆ.

ಇನ್ನೂ ಕೇಳಿ. ಮುಂದೆ ಎಂಟು ದಿನಕ್ಕೆ ಅದೇ ಗುತ್ತೇದಾರನ ಆಳೊಬ್ಬ ನಾಗನೂರ ಹತ್ತಿರದ ಬಾವಿಯಲ್ಲಿ ಕಾಲು ಜಾರಿ ಮುಳುಗಿ ಸತ್ತ. ಅದೇ ಎಂಜಿನಿಯರ್ ಜೀಪು ಕಳಿಸಿದ, ರಾಜೇಸಾಬನ ಮನೆಗೆ! ಅವತ್ತು ಯಾರೂ ಸರ್ಟಿಫಿಕೇಟ್ ಕೇಳಲಿಲ್ಲ. ಬದುಕಿದವರ ಕೆಲಸಕ್ಕೆ ಕಾಗದ ಬೇಕು, ಹೆಣ ಎತ್ತಲು ಟವೆಲ್ ಸಾಕು. "ಹೋಗಬ್ಯಾಡ," ಅಂತ ನಾನು ಕೂಗಾಡಿದೆ. "ಸತ್ತಾಂವ ಏನ್ ಮಾಡ್ಯಾನ್ರಿ ಸರ," ಅಂದು ಜೀಪು ಹತ್ತಿದ. ಹೆಣ ಎತ್ತಿದ ಮೇಲೆ ಅವರು ಕೊಟ್ಟ ಹೊಸ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಅವನು ನಡೆದು ಬಂದದ್ದು ನೆನಪಾದರೆ ಇವತ್ತಿಗೂ ಮೈ ಉರಿಯುತ್ತದೆ.

ಆ ಉರಿಯನ್ನು ಇಷ್ಟು ವರ್ಷ ಗೋವೆಯವನ ಮೇಲೆ, ಎಂಜಿನಿಯರನ ಮೇಲೆ ಹಾಕಿ ಆರಾಮಾಗಿದ್ದೆ. ಭಾನುವಾರ "ರೇಟ ಮುರದ ಕೊಡ್ರಿ" ಅಂದಾಗ ಅದು ನನ್ನ ಮೇಲೇ ತಿರುಗಿತು. ಮೂರು ಪುಸ್ತಿಕೆಗಳನ್ನೂ ಹಿಡಿದು, ಹುಡುಗನನ್ನು ಕರೆದುಕೊಂಡು ಬಸ್‌ಸ್ಟ್ಯಾಂಡಿನ ಬಾಜೂ ಇರುವ ಪಂಪು ರಿಪೇರಿ ಅಂಗಡಿಗೆ ಹೋದೆ. ರಾಜೇಸಾಬ ಈಗ ಕೂತು ಕೆಲಸ ಮಾಡುವುದು ಅಲ್ಲಿಯೇ. ಗಡ್ಡ ಬೆಳ್ಳಗಾಗಿದೆ.

ಅವನು ಕೈ ಒರೆಸಿಕೊಂಡು ಹುಡುಗನನ್ನು ಕೇಳಿದ: "ಕಲಸಾಂವ ರಾಡಿ ನೀರಾಗ ಇಳದಾನೇನು? ಒಬ್ಬಾಂವ ಎಷ್ಟ ಮಂದಿಗಿ ಕಲಸ್ತಾನ? ಸಿಲಿಂಡರ್, ದೋಣಿ ಎಲ್ಲಾ ಕೂಡಿ ರೇಟೋ, ಬ್ಯಾರೆನೋ? ಬರದ ಕೊಡಂತ ಹೇಳು. ನಿನಗ ಕೆಲಸ ಕೊಡಾವ್ರು ಈ ಚೀಟಿ ಒಪ್ತಾರೇನು? ಮೊದಲ ಅಲ್ಲಿ ಹೋಗಿ ಕೇಳು. ಆಮ್ಯಾಗ ರೊಕ್ಕ."

ನನಗೆ ತಡೆಯಲಾಗಲಿಲ್ಲ. "ರಾಜೇಸಾಬ, ಹುಕ್ಕೇರಿಗೆ ಹೋಗಿ ಕೇಳೂಣಂತ ನೀ ಅಂದಿದ್ದಿ. ನಾ ಕೇಳಲಿಲ್ಲ. ತಪ್ಪು ನಂದು," ಅಂದೆ.

ಅವನು ನಟ್ಟು ಬಿಚ್ಚುವ ಪಾನಾ ಬದಿಗಿಟ್ಟ. "ನಾನೂ ಜೋರ ಮಾಡಿ ಹೇಳಬೇಕಿತ್ರಿ ಸರ. ಓದಿದಾವ್ರ ಮುಂದೂ ಉಸಿರ ಹಿಡದ ನಿಂದ್ರೂದ ರೂಢಿ ಬಿದ್ದಿತ್ತು."

ಅಂದವನೇ ಒಂದು ಪುಸ್ತಿಕೆ ಎತ್ತಿ ನನ್ನ ಕೈಗೆ ಕೊಟ್ಟ. "ಓದ್ರಿ ಈಗ. ಹಿಂದಿನ ಹಾಳೀಂದ ಸುರು ಮಾಡ್ರಿ."

ನಾನು ಕನ್ನಡಕ ಹಾಕಿಕೊಂಡು, ಕೊನೆಯ ಹಾಳೆ ತೆಗೆದು, ಸಣ್ಣ ಅಕ್ಷರಗಳನ್ನು ಅವರಿಬ್ಬರಿಗೂ ಕೇಳುವಂತೆ ಗಟ್ಟಿಯಾಗಿ ಓದತೊಡಗಿದೆ.