ರೂಪಾಳನ್ನು ಆಡಿಸಲು ಔರಾದಿಗೆ ಹೋಗಿದ್ದು

ಕಬಡ್ಡಿ ಪಂದ್ಯಕ್ಕೆಂದು ಭಾಲ್ಕಿಯಿಂದ ಬೀದರ್ ಮೇಲೆ ಔರಾದಿಗೆ ಹೋಗಿ ಬರಲು ಕ್ರೂಸರ್ ಜೀಪಿನ ಬಾಡಿಗೆ ಮೂರು ಸಾವಿರ ಬಿತ್ತು. ಡ್ರೈವರ್ ನಾಲ್ಕು ಕೇಳಿದ್ದ. ಮಧ್ಯಾಹ್ನದ ಊಟ ನಮ್ಮದೇ ಎಂದು ಹೇಳಿ ಇಳಿಸಿದೆ. ಬಸ್ಸಾಗಿದ್ದರೆ ಇನ್ನೂ ಅಗ್ಗವಾಗುತ್ತಿತ್ತು. ಆದರೆ ಮಳೆ ಕೈಕೊಟ್ಟ ಎರಡನೇ ವರ್ಷ ಅದು. ದುಡಿಯಲು ಹೈದರಾಬಾದಿಗೆ ಹೊರಟವರ ಗಂಟುಮೂಟೆಗಳಿಂದ ಬೆಳಗಿನ ಬಸ್ಸುಗಳೆಲ್ಲ ತುಂಬಿರುತ್ತಿದ್ದವು. ಕಬಡ್ಡಿ ಆಡುವ ಹುಡುಗಿಯರನ್ನು ದಾರಿಯುದ್ದಕ್ಕೂ ನಿಲ್ಲಿಸಿಕೊಂಡು ಹೋದರೆ ಆಟಕ್ಕೆ ಮೊದಲೇ ಕಾಲುಗಳು ಸೋಲುತ್ತವೆ.

ನನ್ನದು ಭಾಲ್ಕಿಯಲ್ಲಿ ಬೇಳೆ ಅಂಗಡಿ. ನಮ್ಮ ಮಹಿಳಾ ತಂಡದ ಖರ್ಚೂ ನನ್ನದೇ. ಆ ವರ್ಷ ಇಬ್ಬರು ಆಟಗಾರ್ತಿಯರು ಮನೆಯವರೊಂದಿಗೆ ಪುಣೆಗೆ ಗುಳೆ ಹೋಗಿ, ಆರೇ ಜನ ಉಳಿದಿದ್ದರು. ಏಳನೆಯವಳು ರೂಪಾ. ಭಾಲ್ಕಿಯವಳೇ, ಬೀದರಿನಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ಹುಟ್ಟಿದಾಗ ಮನೆಯವರು ಗಂಡು ಎಂದುಕೊಂಡಿದ್ದರು. ಪ್ರಾಯಕ್ಕೆ ಬಂದಾಗಿನಿಂದ ಹೆಣ್ಣಾಗಿ ಬಾಳುತ್ತಿದ್ದಾಳೆ. ಭಾನುವಾರಗಳಲ್ಲಿ ನಮ್ಮ ಹುಡುಗಿಯರ ಜೊತೆ ಅಭ್ಯಾಸ ಮಾಡುತ್ತಿದ್ದವಳಿಗೆ ಒಮ್ಮೆಯಾದರೂ ಪಂದ್ಯದಲ್ಲಿ ಆಡಬೇಕೆಂಬ ಆಸೆ.

ಬೀದರ್ ಬಸ್ ಸ್ಟ್ಯಾಂಡಿನಲ್ಲಿ ಜೀಪು ಹತ್ತಿದವಳೇ ಕೇಳಿದಳು: "ಶಾಂತಕ್ಕಾ, ಅಲ್ಲಿಯವ್ರಿಗೆ ನನ್ನ ಬಗ್ಗಿ ಹೇಳಿರೇನು?"

"ಹೇಳೋದೇನದ? ಐವತ್ತೈದು ಕೆಜಿ ಒಳಗ ಇದ್ರ ಸಾಕು. ನೀ ಇದ್ದಿ," ಎಂದೆ.

ಸಂತಪುರದಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬಿಚ್ಚಿದೆವು. ರೂಪಾ ತೂಕಕ್ಕೆ ಹೆದರಿ ಅರ್ಧ ರೊಟ್ಟಿಯನ್ನೂ ಮುಗಿಸಲಿಲ್ಲ.

ಔರಾದಿನಲ್ಲಿ ಬಿಸಿಲು ಕಣ್ಣು ಬಿಡಲು ಬಿಡುತ್ತಿರಲಿಲ್ಲ. ಕುಡಿಯಲೇ ನೀರಿಲ್ಲದ ಊರಿನಲ್ಲಿ ಅಂಕಣಕ್ಕೆ ನೀರು ಹೊಡೆಯುವವರು ಯಾರು? ನೆಲ ಕಲ್ಲಿನಂತಿತ್ತು. ಅಡತಿ ಅಂಗಡಿಯಿಂದ ತಂದ ಚೀಲ ತೂಗುವ ಕಾಟಾದ ಮೇಲೆ ಎಲ್ಲರನ್ನೂ ನಿಲ್ಲಿಸಿ ತೂಗಿದರು. ರೂಪಾ ಐವತ್ತಮೂರು.

ಆಗ ಔರಾದ್ ತಂಡದ ನಾಯಕಿ ಸುನಂದಾ ಮುಂದೆ ಬಂದಳು. ರೂಪಾಳ ಸಂಗತಿ ಆಕೆಗೆ ಹೇಗೋ ತಿಳಿದಿತ್ತು. "ತೂಕ ಒಪ್ಪಿದೆರಿ ಅಕ್ಕಾರ. ಆಕಿ ಕೈಯಾಗಿನ ಬಲ ಯಾವ ಕಾಟಾದಾಗ ತೂಗ್ತೀರಿ? ರೈಡಿಗೆ ಹೋಗಾಕಿ ನಾ. ಈ ನೆಲದಾಗ ಕೆಡವಿದ್ರ ಮೊಣಕಾಲು ಹೋಗೂದು ನಂದು."

"ನಮ್ಮವ್ರು ಪ್ರತಿ ಭಾನುವಾರ ನನ್ನ ಕೆಡವ್ತಾರ, ಕೇಳು ಅವ್ರನ್ನ," ಎಂದಳು ರೂಪಾ.

ಜನ ಸೇರಿತು. ಪಂದ್ಯದ ಕಮಿಟಿಯವನೊಬ್ಬ ಪಕ್ಕದ ಶಾಲೆಯ ಕೋಣೆ ತೋರಿಸಿ, "ಸಾಲಿ ಖೋಲ್ಯಾಗ ಕರ್ಕೊಂಡು ಹೋಗಿ ನೋಡಿಬಿಡ್ರಿ, ತಕರಾರೇ ಮುಗೀತದ," ಎಂದು ನಕ್ಕ. ನಮ್ಮ ಹುಡುಗಿಯರು ರೂಪಾಳ ಸುತ್ತ ನಿಂತುಬಿಟ್ಟರು. ಸುನಂದಾಳೇ ಅವನತ್ತ ತಿರುಗಿದಳು: "ಹಂಗ ನೋಡೂದಾದ್ರ ನಾನೂ ಆಡೂದಿಲ್ಲ. ಇವತ್ತು ಆಕಿ, ನಾಳಿ ನಾನು."

ಪಂದ್ಯ ನಡೆಸುತ್ತಿದ್ದವರು ನಿವೃತ್ತ ಪಿ.ಟಿ. ಮಾಸ್ತರ ಖಾದರ್ ಸಾಹೇಬರು. "ನಮ್ಮ ನಿಯಮದಾಗ ತೂಕ ಅದ, ಊರು ಅದ. ಇದು ಇಲ್ಲ," ಎಂದು ಟೋಪಿ ತೆಗೆದು ಬೆವರು ಒರೆಸಿಕೊಂಡರು.

ನನಗೆ ಎಲ್ಲದರಲ್ಲೂ ನಡುವಿನ ಬೆಲೆ ಹುಡುಕುವ ರೂಢಿ. "ಮೊದಲ ಅರ್ಧ ಆಕಿ ಆಡ್ಲಿ, ಎರಡನೇ ಅರ್ಧ ಹೊರಗ ಕೂಡ್ಲಿ," ಎಂದೆ.

ರೂಪಾ ನನ್ನನ್ನು ದಿಟ್ಟಿಸಿದಳು. "ಅರ್ಧ ಆಟಕ್ಕ ನಾ ಅರ್ಧ ಹೆಣ್ಣೇನ್ರಿ ಅಕ್ಕಾ?"

ಸುನಂದಾಳೂ ಬಿಡಲಿಲ್ಲ. "ಮೊಣಕಾಲು ಮುರಿದ್ರ ಅರ್ಧ ಮುರೀತದೇನ್ರಿ?"

ಖಾದರ್ ಸಾಹೇಬರು ತೀರ್ಪು ಕೊಟ್ಟರು: "ಇವತ್ತು ಆಡಸೂದಿಲ್ಲಮ್ಮ. ಯಾರಿಗರೆ ಪೆಟ್ಟಾದ್ರ ಜವಾಬು ನಂದು. ಬೀದರದ ಜಿಲ್ಲಾ ಕಮಿಟಿಗೆ ಕೇಳ್ತೇನಿ."

"ನೀವು ಕೇಳಿ ಮುಗಿಸೂದ್ರಾಗ ನನ್ನ ಆಡೋ ವಯಸ್ಸೇ ಮುಗೀತದ ಸರ್," ಎಂದಳು ರೂಪಾ. ಅವರು ಟೋಪಿ ಹಾಕಿಕೊಂಡು ಸೀಟಿ ಊದಿದರು.

ನಮ್ಮ ಆರು ಜನರೇ ಆಡಿದರು. ರೂಪಾ ಗೆರೆಯ ಹೊರಗೆ ನಿಂತು, "ಎಡಕ್ಕ ಸರೀ! ಕೈ ಸರಪಳಿ ಬಿಡಬ್ಯಾಡ್ರೇ!" ಎಂದು ಗಂಟಲು ಕಟ್ಟುವವರೆಗೂ ಕೂಗಿದಳು. ಎರಡು ಅಂಕಗಳಿಂದ ಸೋತೆವು. ಬೀದರಿನ ಜಿಲ್ಲಾ ಪಂದ್ಯಕ್ಕೆ ಔರಾದಿನವರು ಆಯ್ಕೆಯಾದರು.

ಹೊರಡುವಾಗ ಸುನಂದಾ ಜೀಪಿನ ಕಿಟಕಿಗೆ ಬಂದಳು. "ನಿನ್ನ ಮ್ಯಾಲ ಸಿಟ್ಟಿಲ್ಲ ನನಗ."

"ನಿನಗ ಸಿಟ್ಟಿಲ್ಲ, ನನಗ ಅದ," ಎಂದಳು ರೂಪಾ. "ಆದ್ರ ನೀ ಮುಖ ನೋಡಿ ಹೇಳಿದಿ. ಹೋಗು, ಬೀದರದಾಗ ಗೆಲ್ಲು."

ಬೀದರ್ ಬಂತು. ಇಳಿಯುವಾಗ ರೂಪಾ ಕೇಳಿದಳು: "ಭಾನುವಾರ ಪ್ರಾಕ್ಟೀಸ್ ಅದಲ್ಲ?" "ಅದವ್ವ," ಎಂದೆ. ಪಂದ್ಯಕ್ಕೆಂದು ಕೊಟ್ಟಿದ್ದ ನಂಬರಿನ ಅಂಗಿಯನ್ನು ಆಕೆ ಹಿಂದಿರುಗಿಸಲಿಲ್ಲ, ನಾನೂ ಕೇಳಲಿಲ್ಲ.

ತಂಡ ಕಟ್ಟಿಕೊಂಡು ಹೊರಡುವವರಿಗೆ ನನ್ನ ಮಾತಿಷ್ಟು. ಬರಗಾಲದಲ್ಲಿ ನೀರು ನಿಮ್ಮದೇ ಒಯ್ಯಿರಿ. ಜೀಪಿನ ಬಾಡಿಗೆಯಲ್ಲಿ ಚೌಕಾಸಿ ಮಾಡಿ, ಇನ್ನೊಬ್ಬರ ಮೈಯ ಮೇಲೆ ಮಾಡಬೇಡಿ. ಯಾರು ಆಡಬಹುದು ಎಂಬುದನ್ನು ಪಂದ್ಯ ನಡೆಸುವವರಿಗೂ ಎದುರು ತಂಡಕ್ಕೂ ವಾರ ಮೊದಲೇ ಫೋನ್ ಮಾಡಿ ಕೇಳಿ. ಹಾಗೆ ಕೇಳಬಹುದೇ ಎಂದು ಅದಕ್ಕೂ ಮೊದಲು ಆ ಆಟಗಾರ್ತಿಯನ್ನೇ ಕೇಳಿ. ಉತ್ತರ 'ಇಲ್ಲ' ಎಂದೇ ಬರಬಹುದು. ಆದರೆ ಮನೆಯಲ್ಲಿ ಕೂತು ಕೇಳುವ 'ಇಲ್ಲ' ಬೇರೆ, ಅಂಗಿ ತೊಟ್ಟು ಊರಿನವರೆದುರು ನಿಂತು ಕೇಳುವ 'ಇಲ್ಲ' ಬೇರೆ.